ಹೊಸ ಬಗೆಯ ಪೇಂಟ್‌ಬಾಲ್ ಗನ್ನನ್ನು ಪರೀಕ್ಷಿಸಿ ನೋಡುವ ಕ್ರಮ

ಬೆಂಗಳೂರಿನ ಸುತ್ತಮುತ್ತಲ ರೆಸಾರ್ಟುಗಳಲ್ಲಿ ಬಾಡಿಗೆ ಗನ್ ಹಿಡಿದು ಪೇಂಟ್‌ಬಾಲ್ ಆಡಿದವರಿಗೆ ಸಾಮಾನ್ಯವಾಗಿ ಪರಿಚಯವಿರುವುದು ಬ್ಲೋಬ್ಯಾಕ್ ಜಾತಿಯ ಗನ್. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಹುಟ್ಟಿದ ಟಿಪ್ಪ್‌ಮನ್ 98 ಈ ಜಾತಿಯ ಹೆಸರಾಂತ ಮಾದರಿ. ಕೆಸರಿಗೆ ಬಿದ್ದರೂ, ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೂ ಕೆಲಸ ನಿಲ್ಲಿಸದ ಗುಣದಿಂದಾಗಿಯೇ ಅದು ಬಾಡಿಗೆ ಮೈದಾನಗಳಲ್ಲಿ ಇಷ್ಟು ಕಾಲ ಉಳಿದುಕೊಂಡಿದೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ಜಾತಿ ಬಂದು ನಿಂತಿದೆ. ಬ್ಯಾಟರಿ ಬೇಡದ, ಒಳಗೆ ಸುತ್ತಿಗೆಯೂ ಇಲ್ಲದ ಮೆಕ್ಯಾನಿಕಲ್ ಸ್ಪೂಲ್-ವಾಲ್ವ್ ಗನ್ ಅದು. ಬ್ರಿಟನ್ನಿನ ಪ್ಲಾನೆಟ್ ಎಕ್ಲಿಪ್ಸ್ ಕಂಪನಿಯ ಎಮೆಕ್ 100 ಇದಕ್ಕೆ ಚೆನ್ನಾದ ಉದಾಹರಣೆ. ಗೆಳೆಯರು ಹೊರದೇಶದಿಂದ ತಂದದ್ದೋ, ಮೈದಾನದವರು ಹೊಸದಾಗಿ ತರಿಸಿದ್ದೋ, ಇಲ್ಲವೇ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ನೆಲೆಸಿರುವವರು ಅಲ್ಲಿನ ಅಂಗಡಿಯಲ್ಲಿ ಕೊಳ್ಳಲು ಯೋಚಿಸುತ್ತಿರುವುದೋ, ಇಂಥ ಗನ್ ಕೈಗೆ ಬಂದಾಗ ಅದನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ.

ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಬಣ್ಣ ತುಂಬಿದ ಗುಂಡು ನೇರ ಹೋಗಲಿಲ್ಲ, ನಳಿಕೆಯಲ್ಲೇ ಒಡೆಯಿತು, ವೇಗ ಏರಿಳಿಯಿತು ಎಂಬ ದೂರುಗಳಲ್ಲಿ ಬಹುಪಾಲಿಗೆ ಗನ್ ಕಾರಣವಾಗಿರುವುದಿಲ್ಲ. ಗಾಳಿ, ಗುಂಡು, ಬ್ಯಾರಲ್ (ನಳಿಕೆ) ಈ ಮೂರರಲ್ಲಿ ಯಾವುದೋ ಒಂದು ಕಾರಣವಾಗಿರುತ್ತದೆ. ಆದ್ದರಿಂದ ಪರೀಕ್ಷೆಯ ಉದ್ದಕ್ಕೂ ನಿಮ್ಮ ಹಳೆಯ ಗನ್ ಅಥವಾ ಮೈದಾನದ ಬಾಡಿಗೆ ಗನ್ ಪಕ್ಕದಲ್ಲಿರಲಿ, ಎರಡಕ್ಕೂ ಒತ್ತಡದ ಗಾಳಿ ಕೊಡುವ ಒಂದೇ ಸಿಲಿಂಡರ್ ಮತ್ತು ಒಂದೇ ಚೀಲದ ಗುಂಡುಗಳನ್ನು ಬಳಸಿ, ಮತ್ತು ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಾಯಿಸಿ. ಇಷ್ಟನ್ನು ಪಾಲಿಸಿದರೆ ಉಳಿದ ಹೆಜ್ಜೆಗಳಿಗೆಲ್ಲ ಅರ್ಥ ಬರುತ್ತದೆ.

ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಬ್ಲೋಬ್ಯಾಕ್ ಗನ್ನಿನಲ್ಲಿ ಟ್ರಿಗರ್ ಒತ್ತಿದಾಗ ಸ್ಪ್ರಿಂಗಿನ ಬಲದಿಂದ ಭಾರವಾದ ಸುತ್ತಿಗೆ ಮುಂದಕ್ಕೆ ನುಗ್ಗಿ ವಾಲ್ವಿನ ಮೊಳೆಗೆ ಬಡಿಯುತ್ತದೆ. ತೆರೆದುಕೊಂಡ ವಾಲ್ವಿನಿಂದ ಹೊರಟ ಗಾಳಿಯ ಒಂದು ಪಾಲು ಗುಂಡನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಪಾಲು ಸುತ್ತಿಗೆಯನ್ನು ಹಿಂದಕ್ಕೆ ತಳ್ಳಿ ಮತ್ತೆ ಸಿದ್ಧಗೊಳಿಸುತ್ತದೆ. ಕೈಗೆ ತಾಗುವ ಒದೆತಕ್ಕೂ, ಕಿವಿಗೆ ಬಡಿಯುವ ಲೋಹದ ಸದ್ದಿಗೂ ಈ ಹಿಂದೆಮುಂದೆ ಓಡಾಟವೇ ಕಾರಣ.

ಸ್ಪೂಲ್-ವಾಲ್ವಿನಲ್ಲಿ, ಗುಂಡನ್ನು ನಳಿಕೆಗೆ ತಳ್ಳುವ ಬೋಲ್ಟೇ ವಾಲ್ವ್. ಬೋಲ್ಟಿನ ಮೈಮೇಲೆ ಕೂತಿರುವ ರಬ್ಬರ್ ಓ-ರಿಂಗುಗಳು ಒಂದು ಕೋಣೆಯಲ್ಲಿ ಗಾಳಿಯನ್ನು ಹಿಡಿದಿಟ್ಟಿರುತ್ತವೆ. ಟ್ರಿಗರ್ ಒತ್ತಿದೊಡನೆ ಬೋಲ್ಟನ್ನು ಹಿಂದಕ್ಕೆ ಹಿಡಿದಿದ್ದ ಒತ್ತಡ ಬಿಡುಗಡೆಯಾಗಿ, ಬೋಲ್ಟ್ ಮುಂದಕ್ಕೆ ಜಾರಿ ಗುಂಡಿಗೆ ತಾಗಿ ನಿಂತು, ಒಂದು ನಿರ್ದಿಷ್ಟ ಬಿಂದುವನ್ನು ದಾಟಿದಾಗ ಓ-ರಿಂಗಿನ ಬಿಗಿ ಬಿಟ್ಟು ಕೋಣೆಯ ಗಾಳಿಯೆಲ್ಲ ಗುಂಡಿನ ಬೆನ್ನಿಗೆ ಸುರಿಯುತ್ತದೆ. ಟ್ರಿಗರ್ ಬಿಟ್ಟಾಗ ಬೋಲ್ಟ್ ಹಿಂದಕ್ಕೆ ಬಂದು ಮುಂದಿನ ಗುಂಡಿಗೆ ಜಾಗ ಕೊಡುತ್ತದೆ. ಎಮೆಕ್‌ನ ಒಳಗಿನ ಕಾರ್ಯಒತ್ತಡ ಸುಮಾರು 135 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಾತ್ರ. ಸಿಲಿಂಡರಿನಿಂದ ಬರುವ 800 ಪಿಎಸ್‌ಐ ಸುಮಾರಿನ ಒತ್ತಡವನ್ನು ಗನ್ನಿನ ಮುಂಭಾಗದ ರೆಗ್ಯುಲೇಟರ್ ಅಷ್ಟಕ್ಕೆ ಇಳಿಸುತ್ತದೆ.

ಈ ರಚನೆಯಿಂದ ಪರೀಕ್ಷಕರು ನೆನಪಿಡಬೇಕಾದ ಮೂರು ಸಂಗತಿಗಳು ಹುಟ್ಟುತ್ತವೆ. ಒದೆತ ಕಡಿಮೆ ಇರುವುದರಿಂದ ಗುರಿ ಅಲುಗುವುದಿಲ್ಲ, ಮತ್ತು ಬೋಲ್ಟ್ ಮೃದುವಾಗಿ ತಾಗುವುದರಿಂದ ಪೆಡಸಾದ ಗುಂಡುಗಳೂ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಗನ್ನಿನ ಆರೋಗ್ಯವೆಲ್ಲ ಓ-ರಿಂಗು ಮತ್ತು ಗ್ರೀಸನ್ನು ಅವಲಂಬಿಸಿದೆ. ಬ್ಲೋಬ್ಯಾಕ್ ಗನ್ ಸಹಿಸಿಕೊಳ್ಳುವ ನಿರ್ಲಕ್ಷ್ಯವನ್ನು ಇದು ಸಹಿಸುವುದಿಲ್ಲ. ಇನ್ನು ಮೂರನೆಯದು, ವೇಗವನ್ನು ಹೊಂದಿಸುವುದು ಸುತ್ತಿಗೆಯ ಸ್ಪ್ರಿಂಗಿನಿಂದಲ್ಲ, ರೆಗ್ಯುಲೇಟರಿನ ತಿರುಪಿನಿಂದ. ಆದಕಾರಣ ವೇಗದ ಅಳತೆಯೇ ಇಲ್ಲಿ ರೆಗ್ಯುಲೇಟರಿನ ಪರೀಕ್ಷೆಯೂ ಆಗುತ್ತದೆ.

ಜಾಗ, ಕಾನೂನು, ಮಾಸ್ಕ್

ಪರೀಕ್ಷೆಯನ್ನು ಮನೆಯ ಹಿತ್ತಲಲ್ಲಿ, ಟೆರೇಸಿನ ಮೇಲೆ, ಊರಾಚೆಯ ಖಾಲಿ ಸೈಟಿನಲ್ಲಿ ಮಾಡಬೇಡಿ. ಸುಮಾರು 3 ಗ್ರಾಂ ತೂಗುವ 0.68 ಇಂಚಿನ ಗುಂಡು ಸೆಕೆಂಡಿಗೆ 280 ಅಡಿ ವೇಗದಲ್ಲಿ ಹೊರಟಾಗ ಅದರಲ್ಲಿರುವ ಶಕ್ತಿ 11 ಜೂಲಿನಷ್ಟು. ಅದು ಕಣ್ಣನ್ನು ಶಾಶ್ವತವಾಗಿ ಹಾಳುಮಾಡಲು ಸಾಕು, ಮತ್ತು ಗುಂಡು ಗುರಿ ತಪ್ಪಿ ಮೇಲ್ಮುಖವಾಗಿ ಹಾರಿದರೆ ಬಹಳ ದೂರ ಸಾಗಿ ಬೀಳುತ್ತದೆ. ಸುತ್ತ ಬಲೆ ಕಟ್ಟಿರುವ, ವೇಗಮಾಪಕ ಇಟ್ಟಿರುವ, ಆಟದ ಮೇಲ್ವಿಚಾರಕ ಮಾರ್ಷಲ್ ಇರುವ ಪೇಂಟ್‌ಬಾಲ್ ಮೈದಾನವೇ ಸರಿಯಾದ ಸ್ಥಳ. ವಾರದ ನಡುವಿನ ದಿನ ಫೋನ್ ಮಾಡಿ ಕೇಳಿದರೆ ಗದ್ದಲವಿಲ್ಲದ ಹೊತ್ತು ಸಿಗುತ್ತದೆ.

ಭಾರತಕ್ಕೆ ಗನ್ ಅಥವಾ ಸಿಲಿಂಡರ್ ತರಿಸುವವರು ಹಣ ಕೊಡುವುದಕ್ಕೆ ಮುಂಚೆಯೇ ಕಸ್ಟಮ್ಸ್‌ನಿಂದಲೂ ಶಸ್ತ್ರಾಸ್ತ್ರ ಪರವಾನಗಿ ನೋಡಿಕೊಳ್ಳುವ ಕಚೇರಿಯಿಂದಲೂ ಲಿಖಿತ ಉತ್ತರ ಪಡೆದುಕೊಳ್ಳಬೇಕು. ಅಂಗಡಿಯವರ ಬಾಯಿಮಾತನ್ನು ನಂಬಿ ಮುಂದುವರಿಯಬಾರದು. ಸಿಲಿಂಡರಿನ ವಿಚಾರವನ್ನಂತೂ ಬಹಳ ಜನ ಗಮನಿಸುವುದೇ ಇಲ್ಲ. ನಮ್ಮಲ್ಲಿ 500 ಮಿಲಿಲೀಟರ್ ಮೀರಿದ ಒತ್ತಡದ ಲೋಹದ ಪಾತ್ರೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಪೇಂಟ್‌ಬಾಲ್‌ನ ಅತಿ ಸಾಮಾನ್ಯ ಸಿಲಿಂಡರ್ 48 ಕ್ಯೂಬಿಕ್ ಇಂಚಿನದು, ಅಂದರೆ ಸುಮಾರು 787 ಮಿಲಿಲೀಟರಿನದು. ಮೈದಾನದವರ ಸಿಲಿಂಡರನ್ನೇ ಬಳಸಿ ಪರೀಕ್ಷೆ ಮಾಡುವುದು ಈ ಕಾರಣಕ್ಕೂ ಒಳ್ಳೆಯದು. ಒತ್ತಡ ತುಂಬಿದ ಸಿಲಿಂಡರನ್ನು ವಿಮಾನದಲ್ಲಿ ಒಯ್ಯುವ ಯೋಚನೆಯನ್ನು ಮಾಡಲೇಬೇಡಿ.

ಮಾಸ್ಕ್ ಪೇಂಟ್‌ಬಾಲ್‌ಗೆಂದೇ ತಯಾರಾದುದಾಗಿರಬೇಕು, ಅದರ ಮೇಲೆ ಪೇಂಟ್‌ಬಾಲ್ ಕಣ್ಣಿನ ರಕ್ಷಣೆಯ ಮಾನದಂಡವಾದ ಎಎಸ್‌ಟಿಎಂ ಎಫ್1776 ಎಂಬ ಗುರುತು ಇರಬೇಕು. ಬೈಕಿನ ಹೆಲ್ಮೆಟ್ಟಿನ ಗಾಜು, ವೆಲ್ಡಿಂಗ್ ಕನ್ನಡಕ, ಈಜಿನ ಕನ್ನಡಕ ಇವು ಯಾವುವೂ ಬದಲಿಯಾಗವು. ಲೆನ್ಸಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಬದಲಾಯಿಸಿ. ನೀವು ಮಾತ್ರವಲ್ಲ, ವೇಗದ ಅಂಕಿ ಬರೆದುಕೊಳ್ಳಲು ಪಕ್ಕದಲ್ಲಿ ನಿಂತವರೂ ಮಾಸ್ಕ್ ಧರಿಸಿರಬೇಕು. ಗನ್ನಿನ ಮೂತಿಗೆ ಹಾಕುವ ಬಟ್ಟೆಯ ಬ್ಯಾರಲ್ ಕವರ್, ಹಾರಿಸುವ ಸಾಲಿಗೆ ಬಂದು ನಿಂತಾಗ ಮಾತ್ರ ತೆಗೆಯಬೇಕಾದ್ದು. ಅದರ ಹಗ್ಗ ಗನ್ನಿನ ಹಿಂಭಾಗಕ್ಕೆ ಬಿಗಿಯಾಗಿ ಸಿಕ್ಕಿಸಿರಬೇಕು. ಗುಂಡಿಲ್ಲದ ಗನ್ ಎಂದು ಯಾರು ಎಷ್ಟೇ ಹೇಳಲಿ, ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡಿ.

ಗಾಳಿಯ ಹೆಜ್ಜೆ

ಇಲ್ಲಿ ಆತುರ ಪಡದಿದ್ದರೆ ಮುಂದಿನದೆಲ್ಲ ಸಲೀಸಾಗುತ್ತದೆ. ಎಮೆಕ್‌ನಂಥ ಸ್ಪೂಲ್-ವಾಲ್ವ್ ಗನ್ನುಗಳಿಗೆ ಇಂಗಾಲದ ಡೈಆಕ್ಸೈಡ್ ಹೊಂದುವುದಿಲ್ಲ. ತಯಾರಕರು ಹೇಳುವುದೂ ಸಂಕುಚಿತ ಗಾಳಿ ಮಾತ್ರವೆಂದು. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ, ಅದರ ಒತ್ತಡ ಹವಾಮಾನದ ತಾಪಕ್ಕೆ ತಕ್ಕಂತೆ ಏರಿಳಿಯುತ್ತದೆ, ಬೇಗಬೇಗ ಹಾರಿಸಿದಾಗ ದ್ರವವೇ ಒಳನುಗ್ಗಿ ಓ-ರಿಂಗುಗಳನ್ನು ಹೆಪ್ಪುಗಟ್ಟಿಸುತ್ತದೆ. ಹಳೆಯ ಬ್ಲೋಬ್ಯಾಕ್ ಗನ್ ಎರಡರಲ್ಲೂ ನಡೆಯುತ್ತದಾದರೂ ಹೋಲಿಕೆ ನ್ಯಾಯವಾಗಿರಬೇಕಾದರೆ ಅದಕ್ಕೂ ಗಾಳಿಯ ಸಿಲಿಂಡರನ್ನೇ ಜೋಡಿಸಿ.

ಅಲ್ಯೂಮಿನಿಯಂ ಸಿಲಿಂಡರುಗಳನ್ನು 3000 ಪಿಎಸ್‌ಐವರೆಗೆ, ಕಾರ್ಬನ್ ನಾರು ಸುತ್ತಿದ ಸಿಲಿಂಡರುಗಳನ್ನು ಸಾಮಾನ್ಯವಾಗಿ 4500 ಪಿಎಸ್‌ಐವರೆಗೆ ತುಂಬುತ್ತಾರೆ. ಕಾರಿನ ಟೈರಿಗೆ ಹಾಕುವ ಗಾಳಿ 30 ಪಿಎಸ್‌ಐ ಚಿಲ್ಲರೆ ಎಂಬುದನ್ನು ನೆನೆದರೆ ನೀವು ಕೈಯಲ್ಲಿ ಹಿಡಿದಿರುವುದು ಎಂಥದ್ದೆಂಬುದು ಅರಿವಾಗುತ್ತದೆ. ಪೆಟ್ರೋಲ್ ಬಂಕಿನ ಕಂಪ್ರೆಸರಿನಿಂದ ಇದು ತುಂಬುವುದಿಲ್ಲ; ಸ್ಕೂಬಾ ಡೈವಿಂಗ್ ಸಿಲಿಂಡರುಗಳನ್ನು ತುಂಬಲು ಬಳಸುವಂಥ ಅಧಿಕ ಒತ್ತಡದ ಕಂಪ್ರೆಸರ್ ಬೇಕು. ತುಂಬುವ ಮುನ್ನ ಸಿಲಿಂಡರಿನ ಮೈಮೇಲೆ ಅಚ್ಚೊತ್ತಿರುವ ಪರೀಕ್ಷಾ ದಿನಾಂಕವನ್ನು ಓದಿ. ಅಮೆರಿಕದ ನಿಯಮದಂತೆ ಸಾಮಾನ್ಯ ಸಿಲಿಂಡರುಗಳಿಗೆ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು. ಕಾರ್ಬನ್ ನಾರಿನವಕ್ಕೆ ಸಾಮಾನ್ಯವಾಗಿ 15 ವರ್ಷದ ಆಯಸ್ಸು ನಿಗದಿಯಾಗಿರುತ್ತದೆ. ನಾರು ಎದ್ದಿದ್ದರೆ, ಆಳವಾದ ಗೀರು ಬಿದ್ದಿದ್ದರೆ ಅಂಥ ಸಿಲಿಂಡರನ್ನು ಮುಟ್ಟದೆ ಬದಿಗಿಡಿ.

ಗಾಳಿ ತುಂಬುವ ಮೊಳೆಯ ಹತ್ತಿರ ಎಣ್ಣೆ, ಗ್ರೀಸು ಯಾವುದೂ ಇರಬಾರದು. ಅಧಿಕ ಒತ್ತಡದ ಗಾಳಿ ಒಮ್ಮೆಲೇ ನುಗ್ಗಿದಾಗ ಹುಟ್ಟುವ ತಾಪಕ್ಕೆ ಎಣ್ಣೆ ಹೊತ್ತಿಕೊಂಡು ಸಿಲಿಂಡರಿನ ಬಾಯೇ ಸಿಡಿಯಬಹುದು. ನಿಧಾನವಾಗಿ ತುಂಬಿಸಿ. ಬೇಗ ತುಂಬಿದರೆ ಸಿಲಿಂಡರ್ ಬಿಸಿಯಾಗುತ್ತದೆ, ತಣಿದ ಮೇಲೆ ಒತ್ತಡಮಾಪಕದ ಮುಳ್ಳು ಕೆಳಗಿಳಿದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಗಾಳಿ ಉಳಿದಿರುತ್ತದೆ.

ಸಿಲಿಂಡರಿನ ವಾಲ್ವಿನ ತುದಿಯಲ್ಲಿ ಬೆರಳಿನ ಉಂಗುರಕ್ಕಿಂತ ಚಿಕ್ಕದಾದ ಒಂದು ಓ-ರಿಂಗ್ ಇರುತ್ತದೆ. ಅದರ ಅಳತೆಯ ಸಂಖ್ಯೆ 015. ಕಡಿದಿದ್ದರೆ, ಚಪ್ಪಟೆಯಾಗಿದ್ದರೆ, ಅದರ ಮೇಲೆ ಮರಳಿನ ಕಣ ಕೂತಿದ್ದರೆ ಮೊದಲು ಅದನ್ನು ಬದಲಿಸಿ. ಹೊಸ ಗನ್ನು ಸೋರುತ್ತಿದೆ ಎಂಬ ದೂರಿನ ಮೂಲ ಎಷ್ಟೋ ಸಲ ಈ ಚಿಕ್ಕ ಉಂಗುರವೇ. ಗನ್ನಿನಲ್ಲಿ ಗುಂಡಿಲ್ಲ, ಹಾಪರ್ (ಗನ್ನಿನ ಮೇಲೆ ಕೂರುವ ಗುಂಡಿನ ಡಬ್ಬಿ) ಜೋಡಿಸಿಲ್ಲ, ಬ್ಯಾರಲ್ ಕವರ್ ಹಾಕಿದೆ ಎಂಬುದನ್ನು ನೋಡಿಕೊಂಡು ಸಿಲಿಂಡರನ್ನು ತಿರುಗಿಸಿ ಕೂಡಿಸಿ, ಆಮೇಲೆ ಗಾಳಿಯ ದಾರಿಯನ್ನು ಮೆಲ್ಲಗೆ ತೆರೆಯಿರಿ. ಈಗ ಸದ್ದು ಕೇಳಬೇಕು. ಸುಯ್ ಎಂಬ ಸಣ್ಣ ಸದ್ದು ಸಿಲಿಂಡರಿನ ಕೊರಳಿನಿಂದ ಬಂದರೆ ಅದು 015ರ ತಪ್ಪು. ರೆಗ್ಯುಲೇಟರಿನ ಮೈಯಿಂದ ಬಂದರೆ ಅದರ ಒಳಗಿನ ಸೀಲು. ನಳಿಕೆಯ ಬಾಯಿಂದ ಬಂದರೆ ಬೋಲ್ಟಿನ ಓ-ರಿಂಗು ಒಣಗಿರಬೇಕು ಇಲ್ಲವೇ ಸವೆದಿರಬೇಕು. ಕಿವಿಗೆ ಗೊತ್ತಾಗದಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬೆರಳ ತುದಿಯಲ್ಲಿ ಕೀಲಿನ ಸುತ್ತ ಸವರಿ ನೋಡಿ, ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ನಳಿಕೆಯ ಬಾಯಿಗೆ ಕಣ್ಣಿಟ್ಟೋ ಕೆನ್ನೆಯಿಟ್ಟೋ ಪರೀಕ್ಷಿಸಬಾರದೆಂದು ಬೇರೆ ಹೇಳಬೇಕಿಲ್ಲ.

ಸಿಲಿಂಡರನ್ನು ಬಿಚ್ಚುವಾಗಿನ ಒಂದು ಅಪಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಿರುಗಿಸುವಾಗ ವಾಲ್ವ್ ಗನ್ನಿನಿಂದ ಕಳಚುವ ಬದಲು ಸಿಲಿಂಡರೇ ವಾಲ್ವಿನಿಂದ ಕಳಚಿಕೊಳ್ಳತೊಡಗಿದರೆ, ಒಳಗಿನ ಒತ್ತಡಕ್ಕೆ ಅದು ಕ್ಷಿಪಣಿಯಂತೆ ಹಾರುತ್ತದೆ. ಅಮೆರಿಕದಲ್ಲಿ ಹೀಗೆಯೇ ಸಾವುಗಳು ಸಂಭವಿಸಿವೆ. ಇದಕ್ಕೆ ಇರುವ ಉಪಾಯ ಅಗ್ಗದ್ದು. ವಾಲ್ವ್ ಮತ್ತು ಸಿಲಿಂಡರಿನ ಮೈ ಸೇರುವ ಜಾಗದಲ್ಲಿ, ಎರಡರ ಮೇಲೂ ಹಾಯುವಂತೆ, ಉಗುರಿನ ಬಣ್ಣದಿಂದ ಒಂದು ಗೆರೆ ಎಳೆದಿಡಿ. ಸಿಲಿಂಡರ್ ತಿರುಗಿಸುವಾಗ ಆ ಗೆರೆ ಒಂದೇ ನೇರದಲ್ಲಿ ಉಳಿದಿದ್ದರೆ ಸರಿ. ಗೆರೆ ಎರಡಾಗಿ ಸರಿದದ್ದು ಕಂಡರೆ ತಕ್ಷಣ ಕೈ ನಿಲ್ಲಿಸಿ, ಮೈದಾನದ ತಾಂತ್ರಿಕರನ್ನು ಕರೆಯಿರಿ. ಇಡೀ ಪರೀಕ್ಷೆಯಲ್ಲಿ ನೀವು ಒಂದೇ ಒಂದು ಎಚ್ಚರಿಕೆಯನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ.

ಗುಂಡಿಲ್ಲದೆ ಹತ್ತಿಪ್ಪತ್ತು ಸಲ

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಗುಂಡು ಹಾಕದೆಯೇ ಹತ್ತಿಪ್ಪತ್ತು ಸಲ ಟ್ರಿಗರ್ ಒತ್ತಿ. ಪ್ರತಿ ಸಲವೂ ಸದ್ದು ಒಂದೇ ತೆರನಾಗಿರಬೇಕು. ಮೊದಲ ಎರಡು ಮೂರು ಸಲ ಸದ್ದು ಮಂಕಾಗಿ, ಆಮೇಲೆ ಗಟ್ಟಿಯಾದರೆ ಬಹಳ ದಿನ ಪೆಟ್ಟಿಗೆಯಲ್ಲಿದ್ದ ಗನ್ನಿನ ಓ-ರಿಂಗುಗಳು ಅಂಟಿಕೊಂಡಿದ್ದವೆಂದು ಅರ್ಥ. ಬಳಿಕ ಟ್ರಿಗರನ್ನು ಬಹಳ ನಿಧಾನವಾಗಿ ಒತ್ತಿ, ಎಲ್ಲಿ ಬೋಲ್ಟ್ ಮುಂದೆ ಹೋಗುತ್ತದೆ, ಬೆರಳು ಬಿಟ್ಟಾಗ ಎಲ್ಲಿ ಹಿಂದಕ್ಕೆ ಬರುತ್ತದೆ ಎಂಬುದನ್ನು ಗುರುತಿಸಿಕೊಳ್ಳಿ. ಬ್ಲೋಬ್ಯಾಕ್‌ಗೆ ಒಗ್ಗಿದ ಬೆರಳು ಟ್ರಿಗರನ್ನು ಅರ್ಧಕ್ಕೇ ಬಿಟ್ಟು ಮತ್ತೆ ಒತ್ತುವ ಅಭ್ಯಾಸ ಮಾಡಿಕೊಂಡಿರುತ್ತದೆ. ಮೆಕ್ಯಾನಿಕಲ್ ಸ್ಪೂಲ್ ಗನ್ನಿನಲ್ಲಿ ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಬೋಲ್ಟ್ ಮುಂದೆಯೇ ಇರುತ್ತದೆ. ಪೂರ್ತಿ ಬಿಡದೆ ಮತ್ತೆ ಒತ್ತಿದರೆ ಮುಂದಿನ ಗುಂಡು ಅರ್ಧ ಇಳಿದಿರುವಾಗಲೇ ಬೋಲ್ಟ್ ಬಂದು ಅದನ್ನು ಕತ್ತರಿಸಬಹುದು. ಬ್ಯಾಟರಿ ಗನ್ನುಗಳಲ್ಲಿ ಗುಂಡು ಕೂತಿದೆಯೇ ಎಂದು ನೋಡುವ ಬೆಳಕಿನ ಕಣ್ಣು ಇರುತ್ತದೆ, ಇದರಲ್ಲಿ ಇಲ್ಲ. ಪೂರ್ತಿ ಒತ್ತುವುದು, ಪೂರ್ತಿ ಬಿಡುವುದು ಎಂಬ ಶಿಸ್ತನ್ನು ಬೆರಳಿಗೆ ಈಗಲೇ ಕಲಿಸಿ.

ಗುಂಡನ್ನು ಪರೀಕ್ಷಿಸದೆ ಗನ್ನನ್ನು ಪರೀಕ್ಷಿಸಬೇಡಿ

ಬಣ್ಣದ ಗುಂಡಿನ ಹೊರಚಿಪ್ಪು ಜೆಲಾಟಿನ್, ಒಳಗಿನ ದ್ರವದ ಮುಖ್ಯ ವಸ್ತು ಪಾಲಿಎಥಿಲೀನ್ ಗ್ಲೈಕಾಲ್. ಜೆಲಾಟಿನ್ ತೇವವನ್ನು ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಪೆಡಸಾಗುತ್ತದೆ, ಬಿಸಿಲಲ್ಲಿ ಮೆತ್ತಗಾಗುತ್ತದೆ, ಒಂದೇ ಮಗ್ಗುಲಲ್ಲಿ ಬಹಳ ದಿನ ಇದ್ದರೆ ಚಪ್ಪಟೆಯಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಗುಂಡುಗಳು, ಬಳ್ಳಾರಿಯ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ಗುಂಡುಗಳು, ಎರಡೂ ಯಾವ ಗನ್ನಿನಲ್ಲೂ ನೇರ ಹೋಗುವುದಿಲ್ಲ. ಆದ್ದರಿಂದ ಹೊಸ ಚೀಲವನ್ನು ಅಂದೇ ಒಡೆದು ಬಳಸಿ.

ಚೀಲದಿಂದ ಒಂದು ಹಿಡಿ ಗುಂಡುಗಳನ್ನು ತೆಗೆದು ಸಮತಟ್ಟಾದ ಕಲ್ಲಿನ ಮೇಲೆ ಉರುಳಿಸಿ ನೋಡಿ. ಪ್ರತಿ ಗುಂಡಿನ ನಡುವೆಯೂ ಚಿಪ್ಪಿನ ಎರಡು ಅರ್ಧಗಳು ಸೇರಿದ ಸಣ್ಣ ಗೆರೆ ಇರುತ್ತದೆ. ಆ ಗೆರೆ ಉಗುರಿಗೆ ತಾಗುವಷ್ಟು ಉಬ್ಬಿದ್ದರೆ, ಗುಂಡು ಉರುಳುವಾಗ ವಾಲಾಡಿದರೆ, ಮೈಮೇಲೆ ಗುಳಿ ಕಂಡರೆ ಆ ಚೀಲ ಪರೀಕ್ಷೆಗೆ ತಕ್ಕುದಲ್ಲ. ಆಮೇಲೆ ಒಂದೆರಡನ್ನು ಎದೆಯೆತ್ತರದಿಂದ ಸಿಮೆಂಟ್ ನೆಲಕ್ಕೆ ಬಿಡಿ. ಮೊದಲ ಸಲಕ್ಕೇ ಒಡೆದರೆ ಅತಿ ಪೆಡಸು, ಮತ್ತೆ ಮತ್ತೆ ಬಿಟ್ಟರೂ ಪುಟಿಯುತ್ತಲೇ ಇದ್ದರೆ ಎದುರಾಳಿಯ ಮೈಮೇಲೂ ಒಡೆಯದೆ ಪುಟಿಯುತ್ತದೆ. ನೆಲಕ್ಕೆ ಬಿದ್ದ ಗುಂಡನ್ನು ಮತ್ತೆ ಹಾಪರಿಗೆ ಹಾಕಬಾರದು. ಅಂಟಿದ ಮರಳು ಬ್ಯಾರಲ್ಲನ್ನು ಗೀರುತ್ತದೆ.

ಇನ್ನು ಗುಂಡಿಗೂ ಬ್ಯಾರಲ್ಲಿಗೂ ಹೊಂದಿಕೆ. 0.68 ಎಂಬುದು ಹೆಸರಿನ ಅಳತೆ ಮಾತ್ರ. ಗುಂಡುಗಳು ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಕೊಂಚ ಹೆಚ್ಚು ಕಡಿಮೆಯಾಗುತ್ತವೆ, ಬ್ಯಾರಲ್ಲುಗಳ ಒಳವ್ಯಾಸವೂ ಸುಮಾರು 0.680ರಿಂದ 0.695 ಇಂಚಿನವರೆಗೆ ಬೇರೆಬೇರೆ ಇರುತ್ತದೆ. ಬ್ಯಾರಲ್ಲನ್ನು ಗನ್ನಿನಿಂದ ಕಳಚಿ ಕೈಯಲ್ಲಿ ಹಿಡಿದು ಹಿಂಬದಿಯಿಂದ ಗುಂಡು ಹಾಕಿ. ತಾನಾಗಿ ಜಾರಿ ಹೊರಗೆ ಬಿದ್ದರೆ ಬ್ಯಾರಲ್ ಸಡಿಲ, ಗಾಳಿ ಪಕ್ಕದಿಂದ ನುಸುಳುತ್ತದೆ. ಬೆರಳಿನಿಂದ ತಳ್ಳಿದರೂ ಸಿಕ್ಕಿಕೊಂಡರೆ ಬಿಗಿ, ಒಳಗೇ ಒಡೆಯುತ್ತದೆ. ಅಲ್ಲೇ ನಿಂತು, ಬಾಯಿಂದ ಹಗುರಾಗಿ ಊದಿದರೆ ಹೊರಬಂದರೆ ಹೊಂದಿಕೆ ಸರಿ. ಊದುವ ಈ ಪರೀಕ್ಷೆಯನ್ನು ಬಿಚ್ಚಿದ ಬ್ಯಾರಲ್ಲಿನಲ್ಲಿ ಮಾತ್ರ ಮಾಡಬೇಕು.

ವೇಗದ ಅಳತೆ

ಹೊಸ ಗನ್ನಿನ ನಿಜವಾದ ಗುಣ ಗೊತ್ತಾಗುವುದು ಇಲ್ಲಿ. ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್, ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮೇಲಿನ ಮಿತಿ. ಬಹುಪಾಲು ಮೈದಾನಗಳು 280ಕ್ಕೆ ನಿಲ್ಲಿಸುತ್ತವೆ, ಚಿಕ್ಕ ಜಾಗಗಳಲ್ಲಿ ಇನ್ನೂ ಕಡಿಮೆ ಇಡುತ್ತಾರೆ. ನೀವು ಆಡಲಿರುವ ಮೈದಾನದ ಮಿತಿ ಯಾವುದೋ ಅದಕ್ಕಿಂತ 5ರಿಂದ 10 ಅಡಿ ಕೆಳಗೆ ಹೊಂದಿಸಿಕೊಳ್ಳುವುದು ಕ್ಷೇಮ. ಮಧ್ಯಾಹ್ನದ ಬಿಸಿಲಿಗೆ ವೇಗ ಕೊಂಚ ಏರಿದರೂ ಆಗ ಮಿತಿ ಮೀರುವುದಿಲ್ಲ.

ಮೊದಲು ಹಳೆಯ ಗನ್ನಿನಿಂದ ಹತ್ತು ಗುಂಡುಗಳನ್ನು ವೇಗಮಾಪಕದ ಮುಂದೆ, ಒಂದೊಂದರ ನಡುವೆ ಎರಡು ಮೂರು ಸೆಕೆಂಡು ಬಿಟ್ಟು ಹಾರಿಸಿ, ಹತ್ತೂ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಅನಂತರ ಅದೇ ಸಿಲಿಂಡರನ್ನು ಹೊಸ ಗನ್ನಿಗೆ ಜೋಡಿಸಿ ಅದನ್ನೇ ಮಾಡಿ. ಸರಾಸರಿಗಿಂತ ಮುಖ್ಯವಾದದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ನಡುವಿನ ಅಂತರ. ಹತ್ತು ಗುಂಡುಗಳಲ್ಲಿ ಗರಿಷ್ಠ 284, ಕನಿಷ್ಠ 274 ಬಂತೆನ್ನಿ, ಅಂತರ 10 ಅಡಿ. ಅದು ಒಳ್ಳೆಯ ಗನ್ನಿನ ಲಕ್ಷಣ. 20 ಅಡಿಯವರೆಗೆ ಆಟಕ್ಕೆ ನಡೆಯುತ್ತದೆ. ಅದನ್ನೂ ಮೀರಿದರೆ ಮೊದಲು ಗುಂಡು-ಬ್ಯಾರಲ್ ಹೊಂದಿಕೆಯನ್ನು ಮತ್ತೊಮ್ಮೆ ನೋಡಿ, ಆಮೇಲೆ ಬೋಲ್ಟಿನ ಗ್ರೀಸನ್ನು ನೋಡಿ, ಕಡೆಗೆ ರೆಗ್ಯುಲೇಟರನ್ನು ಸಂಶಯಿಸಿ. ಸರಾಸರಿ ಎಷ್ಟಿರಬೇಕೆಂಬುದನ್ನು ತಿರುಪು ತಿರುಗಿಸಿ ಹೊಂದಿಸಿಕೊಳ್ಳಬಹುದು. ಚದುರಿದ ಅಂಕಿಗಳನ್ನು ತಿರುಪಿನಿಂದ ಕೂಡಿಸಲಾಗದು.

ತಿರುಪು ತಿರುಗಿಸುವಾಗ ಒಂದು ಸೂಕ್ಷ್ಮವಿದೆ. ಟಿಪ್ಪ್‌ಮನ್ 98ರಲ್ಲಿ ವೇಗದ ತಿರುಪನ್ನು ಒಳಕ್ಕೆ ತಿರುಗಿಸಿದರೆ ವೇಗ ಇಳಿಯುತ್ತದೆ. ಹೊಸ ಗನ್ನಿನ ರೆಗ್ಯುಲೇಟರಿನಲ್ಲಿ ದಿಕ್ಕು ಯಾವುದೆಂಬುದನ್ನು ಕೈಪಿಡಿ ಓದಿ ತಿಳಿಯಬೇಕೇ ಹೊರತು ಊಹಿಸಬಾರದು. ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಸಾಕು. ತಿರುಗಿಸಿದ ಮೇಲೆ ಒಳಗೆ ಹಳೆಯ ಒತ್ತಡದ ಗಾಳಿಯೇ ಉಳಿದಿರುವುದರಿಂದ ಎರಡು ಮೂರು ಸಲ ಹಾರಿಸಿ ಅದನ್ನು ಖಾಲಿ ಮಾಡಿ, ಬಳಿಕ ಬರುವ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದರ ನಂತರದ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಸ್ಪೂಲ್ ಗನ್ನಿನ ಮಟ್ಟಿಗೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಗನ್ನನ್ನು ಗಾಳಿ ಸಹಿತ ಹಾಗೆಯೇ ಹಿಡಿದು ಒಂದು ನಿಮಿಷ ಸುಮ್ಮನಿದ್ದು ಒಂದು ಗುಂಡು ಹಾರಿಸಿ, ಅಂಕಿ ಬರೆದುಕೊಳ್ಳಿ. ಮತ್ತೆ ಐದು ನಿಮಿಷ ಬಿಟ್ಟು ಇನ್ನೊಂದು. ನಿಜವಾದ ಆಟದಲ್ಲಿ ಮರೆಯ ಹಿಂದೆ ಕಾದು ಕೂತು ಹಾರಿಸುವ ಮೊದಲ ಗುಂಡೇ ಮುಖ್ಯವಲ್ಲವೇ? ಈ ಮೊದಲ ಗುಂಡಿನ ವೇಗ ಸರಾಸರಿಗಿಂತ ಬಹಳ ಇಳಿದಿದ್ದರೆ ಓ-ರಿಂಗು ನಿಂತಲ್ಲೇ ಅಂಟಿಕೊಳ್ಳುತ್ತಿದೆ, ಗ್ರೀಸು ಬೇಕು. ಬಹಳ ಏರಿದ್ದರೆ ಪ್ರಕರಣ ಗಂಭೀರ. ರೆಗ್ಯುಲೇಟರಿನ ಸೀಲಿನಲ್ಲಿ ಕಸ ಕೂತು ಒತ್ತಡ ಮೆಲ್ಲಮೆಲ್ಲನೆ ಏರುತ್ತಿದೆ ಎಂದರ್ಥ, ಸರಾಸರಿ 280 ತೋರಿಸಿದ ಗನ್ನು ಕಾದು ಹಾರಿಸಿದಾಗ 300 ದಾಟಬಹುದು. ಅಂಥ ಗನ್ನನ್ನು ಸರಿಪಡಿಸುವವರೆಗೆ ಆಟಕ್ಕೆ ಒಯ್ಯಬೇಡಿ.

ಗುರಿಯ ಹಲಗೆಯ ಮುಂದೆ

ಎರಡೂ ಗನ್ನುಗಳ ವೇಗ ಒಂದೇ ಆಗಿರುವಂತೆ ಹೊಂದಿಸಿದ ಮೇಲೆ, ಇಪ್ಪತ್ತು ಮೀಟರ್ ದೂರದಲ್ಲಿ ಹಲಗೆಯ ಮೇಲೆ ಸುಣ್ಣದಿಂದ ಗುರುತು ಹಾಕಿ, ಗನ್ನನ್ನು ಮೇಜಿಗೋ ಡ್ರಮ್ಮಿಗೋ ಆನಿಸಿ ತಲಾ ಹತ್ತು ಗುಂಡು ಹಾರಿಸಿ. ಪೇಂಟ್‌ಬಾಲ್ ಬ್ಯಾರಲ್ಲಿನ ಒಳಮೈ ನುಣುಪು, ಗುಂಡು ದುಂಡಗೆ, ಅದರ ಹೊಟ್ಟೆಯಲ್ಲಿ ದ್ರವ. ಹಾಗಾಗಿ ರೈಫಲ್ಲಿನ ನಿಖರತೆಯನ್ನು ಇದರಿಂದ ಬಯಸುವುದು ತಪ್ಪು. ಹತ್ತರಲ್ಲಿ ಎಂಟು ಗುಂಡು ಊಟದ ತಟ್ಟೆಯಷ್ಟು ಅಗಲದಲ್ಲಿ ಬಿದ್ದರೆ ಗನ್ನು ತನ್ನ ಕೆಲಸ ಮಾಡಿದೆ. ಒಂದೇ ಗುಂಡು, ಒಂದೇ ವೇಗ, ಒಂದೇ ಹೊಂದಿಕೆ ಇದ್ದರೆ ಹಳೆಯ ಮತ್ತು ಹೊಸ ಗನ್ನುಗಳ ಹಲಗೆಗಳ ನಡುವೆ ಆನಿಸಿ ಹಾರಿಸಿದಾಗ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇದು ಅನೇಕರಿಗೆ ನಿರಾಸೆ ತರುವ ಸತ್ಯ. ವ್ಯತ್ಯಾಸ ಕಾಣುವುದು ನಿಂತು, ಬೇಗಬೇಗ ಐದಾರು ಗುಂಡು ಹಾರಿಸಿದಾಗ. ಒದೆತವಿಲ್ಲದ ಗನ್ನಿನ ಗುಂಡುಗಳು ಗುರುತಿನ ಸುತ್ತಲೇ ಉಳಿಯುತ್ತವೆ. ಆದ್ದರಿಂದ ಎರಡೂ ರೀತಿಯಲ್ಲಿ ಹಾರಿಸಿ ನೋಡಿ. ಉದ್ದದ ಬ್ಯಾರಲ್ ಹಾಕಿದರೆ ಗುರಿ ಸುಧಾರಿಸುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅದರಿಂದ ಸದ್ದು ತಗ್ಗಬಹುದು, ಮರೆಯ ಹೊರಗೆ ಮೂತಿ ಚಾಚಲು ಅನುಕೂಲವಾಗಬಹುದು, ಅಷ್ಟೇ.

ಗಾಳಿಯ ಖರ್ಚನ್ನೂ ಇಲ್ಲೇ ಗಮನಿಸಿಕೊಳ್ಳಿ. 3000 ಪಿಎಸ್‌ಐ ತುಂಬಿದ 48 ಕ್ಯೂಬಿಕ್ ಇಂಚಿನ ಸಿಲಿಂಡರಿನಿಂದ ಸುಮಾರು 400ರಿಂದ 500 ಗುಂಡು ನಿರೀಕ್ಷಿಸಬಹುದು. ನೂರು ಗುಂಡು ಹಾರಿಸುವ ಮೊದಲೂ ಆಮೇಲೂ ಮುಳ್ಳು ಎಲ್ಲಿತ್ತೆಂದು ಬರೆದುಕೊಂಡರೆ ಸಾಕು, ಆಟದ ನಡುವೆ ಗಾಳಿ ಮುಗಿಯುವ ಪ್ರಸಂಗ ಬರುವುದಿಲ್ಲ.

ಆಟದಲ್ಲಿ

ಹಲಗೆಯ ಮುಂದೆ ಚೆನ್ನಾಗಿ ನಡೆದ ಗನ್ನು ಆಟದಲ್ಲಿ ಹೇಗೆಂಬುದನ್ನು ಎರಡು ಮೂರು ಪಂದ್ಯ ಆಡಿಯೇ ತಿಳಿಯಬೇಕು. ಮಂಡಿಯೂರಿದಾಗ ಸಿಲಿಂಡರಿನ ಹಿಂಬದಿ ಹೆಗಲಿಗೆ ಸರಿಯಾಗಿ ಕೂರುತ್ತದೆಯೇ, ಮಾಸ್ಕ್ ಹಾಕಿದ ಕೆನ್ನೆಗೆ ಹಾಪರ್ ಅಡ್ಡ ಬರುತ್ತದೆಯೇ, ಎಡಗೈಗೆ ಬದಲಾಯಿಸಿ ಮರೆಯ ಇನ್ನೊಂದು ಪಕ್ಕದಿಂದ ಹಾರಿಸಲು ಆಗುತ್ತದೆಯೇ ಎಂಬುದನ್ನು ನೋಡಿ. ಹಾಪರ್ ಸಾದಾ ಜಾತಿಯದಾದರೆ, ಅಂದರೆ ಗುಂಡುಗಳು ತಮ್ಮ ತೂಕದಿಂದಲೇ ಕೆಳಗಿಳಿಯುವಂಥದಾದರೆ, ವೇಗವಾಗಿ ಒತ್ತಿದಾಗ ಗುಂಡು ಬರುವುದು ತಡವಾಗುತ್ತದೆ. ಅದು ಗನ್ನಿನ ದೋಷವಲ್ಲ.

ಎಷ್ಟು ಬೇಗ ಹಾರಿಸಬಹುದು ಎಂಬುದರ ಮೇಲೆ ಗನ್ನನ್ನು ಅಳೆಯುವ ರೂಢಿ ನನಗೆ ಒಪ್ಪಿತವಲ್ಲ. ಪೇಂಟ್‌ಬಾಲ್ ಆಟವಾಗಿ ಮೊದಲು ನಡೆದದ್ದು 1981ರ ಜೂನ್ 27ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬಲ್ಲಿನ ಕಾಡಿನಲ್ಲಿ, 12 ಜನರ ನಡುವೆ. ಅವರು ಹಿಡಿದಿದ್ದು ಮರಗಳಿಗೂ ದನಗಳಿಗೂ ಗುರುತು ಹಾಕಲು ಬಳಸುತ್ತಿದ್ದ ನೆಲ್‌ಸ್ಪಾಟ್ 007 ಎಂಬ ಗನ್ನುಗಳನ್ನು. ಒಂದೊಂದು ಗುಂಡಿಗೂ ಕೈಯಿಂದ ಎಳೆದು ಸಿದ್ಧಪಡಿಸಿಕೊಳ್ಳಬೇಕಿತ್ತು. ಅಂದು ಎಲ್ಲ ಬಾವುಟಗಳನ್ನು ಸಂಗ್ರಹಿಸಿ ಗೆದ್ದ ರಿಚೀ ವೈಟ್ ಒಂದೇ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಪರೀಕ್ಷೆಯ ಪಂದ್ಯದಲ್ಲೂ ಹಾಪರ್ ಖಾಲಿ ಮಾಡುವ ಆತುರ ಬೇಡ. ಹಾರಿಸಿದ ಪ್ರತಿ ಗುಂಡು ನೀವು ಎಣಿಸಿದ ಜಾಗಕ್ಕೆ ಹೋಯಿತೇ ಎಂಬುದನ್ನು ಗಮನಿಸಿ. ಹತ್ತಿರದ ಎದುರಾಳಿಗೆ ಹಾರಿಸದೆ ಶರಣಾಗಲು ಹೇಳಬೇಕೆಂಬ ನಿಯಮ ಮೈದಾನದಲ್ಲಿದ್ದರೆ ಹೊಸ ಗನ್ನಿನ ಉತ್ಸಾಹದಲ್ಲಿ ಅದನ್ನು ಮರೆಯಬೇಡಿ.

ನಡುವೆ ಗುಂಡು ಒಡೆದರೆ ಮಾಸ್ಕ್ ತೆಗೆಯದೆ, ಕವರ್ ಹಾಕಿ, ಆಟದ ಗಡಿಯಿಂದ ಹೊರಗೆ ಬಂದು ಒರೆಸಬೇಕು. ಬಣ್ಣ ಬ್ಯಾರಲ್ಲಿನ ಒಳಗೆ ಮಾತ್ರ ಇದ್ದರೆ ಹೊಂದಿಕೆಯ ದೋಷ, ಬೋಲ್ಟಿನ ಮುಂದೆ ಗುಂಡು ಇಳಿಯುವ ಬಾಯಲ್ಲಿ ಚಿಪ್ಪಿನ ಚೂರು ಇದ್ದರೆ ಟ್ರಿಗರ್ ಅಥವಾ ಹಾಪರಿನ ದೋಷ. ಒರೆಸುವ ಮುಂಚೆ ಇಷ್ಟನ್ನು ನೋಡಿಕೊಳ್ಳಿ, ಒರೆಸಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಮಕ್ಕಳಿಗಾಗಿ ಪರೀಕ್ಷಿಸುವವರಿಗೆ ಒಂದು ಮಾತು. ಈಗ 0.50 ಇಂಚಿನ ಚಿಕ್ಕ ಗುಂಡಿನ ಗನ್ನುಗಳು ಬಂದಿವೆ. ಅವುಗಳ ಗುಂಡಿನ ತೂಕ ಸುಮಾರು 1.2 ಗ್ರಾಂ, ಸೆಕೆಂಡಿಗೆ 250 ಅಡಿ ವೇಗದಲ್ಲಿ ಶಕ್ತಿ 3.5 ಜೂಲಿನಷ್ಟು, ದೊಡ್ಡ ಗುಂಡಿನ ಮೂರನೇ ಒಂದು ಪಾಲಿಗೆ ಹತ್ತಿರ. ಪೆಟ್ಟು ಹಗುರ, ಗಾಳಿಗೆ ಸರಿಯುವುದು ಹೆಚ್ಚು. ಮೇಲಿನ ಕ್ರಮವೆಲ್ಲ ಅವಕ್ಕೂ ಅನ್ವಯಿಸುತ್ತದೆ, ಗುರಿಯ ದೂರವನ್ನು ಮಾತ್ರ ಹನ್ನೆರಡು ಹದಿನೈದು ಮೀಟರಿಗೆ ಇಳಿಸಿಕೊಳ್ಳಿ. ಮಾಸ್ಕಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಪರೀಕ್ಷೆಯ ಬಳಿಕ

ಮೊದಲು ಹಾಪರ್ ತೆಗೆದು, ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಒಳಗಿರಬಹುದಾದ ಗುಂಡನ್ನು ಹಾರಿಸಿ. ಗಾಳಿಯ ದಾರಿ ಮುಚ್ಚಿ, ಉಳಿದ ಒತ್ತಡವನ್ನು ಹೊರಬಿಟ್ಟು, ಉಗುರುಬಣ್ಣದ ಗೆರೆಯ ಮೇಲೆ ಕಣ್ಣಿಟ್ಟು ಸಿಲಿಂಡರನ್ನು ಬಿಚ್ಚಿ. ಆಮೇಲೆಯೇ ಬೋಲ್ಟನ್ನು ಹೊರಗೆಳೆಯಬೇಕು. ಎಮೆಕ್‌ನಲ್ಲಿ ಅದು ಹಿಂಬದಿಯಿಂದ ಹೊರಬರುತ್ತದೆ. ಹತ್ತಿ ಬಟ್ಟೆಯಿಂದ ಹಳೆಯ ಗ್ರೀಸನ್ನು ಒರೆಸಿ, ಪ್ರತಿ ಓ-ರಿಂಗನ್ನು ಬೆಳಕಿಗೆ ಹಿಡಿದು ಕಡಿತವಿದೆಯೇ ನೋಡಿ, ತಯಾರಕರು ಹೇಳಿದ ಗ್ರೀಸನ್ನು ಓ-ರಿಂಗು ಹೊಳೆಯುವಷ್ಟು ಮಾತ್ರ ತೆಳುವಾಗಿ ಸವರಿ ಮತ್ತೆ ಕೂಡಿಸಿ. ಹೊಲಿಗೆ ಯಂತ್ರದ ಎಣ್ಣೆ, ಬಾಗಿಲ ಕೀಲಿಗೆ ಸಿಂಪಡಿಸುವ ಸ್ಪ್ರೇ, ಬೈಕಿನ ಚೈನಿನ ಗ್ರೀಸು ಇಂಥವು ರಬ್ಬರನ್ನು ಉಬ್ಬಿಸಿ ಹಾಳುಮಾಡಬಹುದು. ಬಣ್ಣವನ್ನು ತೊಳೆಯಲು ಬರಿಯ ನೀರು ಸಾಕು. ತೊಳೆದ ಬ್ಯಾರಲ್ಲನ್ನು ಪೂರ್ತಿ ಒಣಗಿಸಿ. ಸಿಲಿಂಡರನ್ನು ಪೂರ್ತಿ ಖಾಲಿ ಮಾಡದೆ ಕೊಂಚ ಒತ್ತಡ ಉಳಿಸಿ, ಬಿಸಿಲಿಗೆ ದೂರವಾಗಿ ಇಡಿ.

ಬರೆದಿಟ್ಟ ಅಂಕಿಗಳ ಕಾಗದವನ್ನು ಗನ್ನಿನ ಪೆಟ್ಟಿಗೆಯಲ್ಲೇ ಇರಿಸಿ, ಅದರ ಮೇಲೆ ದಿನಾಂಕ, ಹವೆಯ ತಾಪ, ಗುಂಡಿನ ಚೀಲದ ಹೆಸರು ನಮೂದಿಸಿ. ಒಂದೆರಡು ವಾರ ಬಿಟ್ಟು, ಬೇರೆ ಹವೆಯ ದಿನ, ಹತ್ತು ಗುಂಡಿನ ವೇಗದ ಅಳತೆಯನ್ನೂ ಐದು ನಿಮಿಷ ಕಾದು ಹಾರಿಸುವ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿ. ಅಂತರ ಅಷ್ಟೇ ಉಳಿದಿದ್ದರೆ ಕೊಳ್ಳುವ ಮಾತನ್ನು ಮುಂದುವರಿಸಬಹುದು.